ಊರಿನ ಪಟ್ಟಿಯಲ್ಲಿ ಹೆಸರು: ಚೀನಾದ ರೈತರು ನಗರದ ನೋಂದಣಿಯನ್ನು ಏಕೆ ಒಲ್ಲೆ ಎನ್ನುತ್ತಿದ್ದಾರೆ?

2025ರ ಮೇ 1ರಂದು ಚೀನಾದಲ್ಲಿ ಗ್ರಾಮೀಣ ಸಾಮೂಹಿಕ ಆರ್ಥಿಕ ಸಂಸ್ಥೆಗಳ (ಊರಿನ ನೆಲ, ಆಸ್ತಿಯನ್ನು ಊರವರೆಲ್ಲರ ಪರವಾಗಿ ನೋಡಿಕೊಳ್ಳುವ ಸಂಸ್ಥೆಗಳ) ಕಾನೂನು ಜಾರಿಗೆ ಬಂತು. ಹಳ್ಳಿಯ ಸಾಮೂಹಿಕ ಆಸ್ತಿಯಲ್ಲಿ ಪಾಲು ಪಡೆಯಲು ಯಾರು ಅರ್ಹರು, ಆ ಅರ್ಹತೆ ಯಾವಾಗ ಹೋಗುತ್ತದೆ ಎಂಬುದನ್ನು ಇಡೀ ದೇಶಕ್ಕೆ ಅನ್ವಯವಾಗುವಂತೆ ಹೇಳಿದ ಮೊದಲ ಕಾನೂನು ಇದು. ಸುಮಾರು ಅದೇ ಹೊತ್ತಿಗೆ ಇನ್ನೆರಡು ಸುದ್ದಿಗಳೂ ಬಂದವು. ರೈತರ ಜಮೀನಿನ ಗುತ್ತಿಗೆಯನ್ನು ಮತ್ತೆ 30 ವರ್ಷ ವಿಸ್ತರಿಸುವ ಪ್ರಯೋಗವನ್ನು ಇನ್ನಷ್ಟು ಪ್ರಾಂತ್ಯಗಳಲ್ಲಿ ನಡೆಸಲಾಗುವುದು ಎಂದು ಸರ್ಕಾರ ಹೇಳಿತು. ಹಳ್ಳಿಯ ವೃದ್ಧರಿಗೆ ಸಿಗುವ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 20 ಯುವಾನ್ ಏರಿಸಿ 143 ಯುವಾನ್ ಮಾಡಿತು.

ಬಿಡಿಬಿಡಿಯಾಗಿ ಓದಿದವರಿಗೆ ಇವು ಗೊಂದಲ ಹುಟ್ಟಿಸುವ ಸುದ್ದಿಗಳು. ಹಳ್ಳಿಗಳು ಖಾಲಿಯಾಗುತ್ತಿರುವ ದೇಶದಲ್ಲಿ ಹಳ್ಳಿಯ ಸದಸ್ಯತ್ವಕ್ಕಾಗಿ ಜನ ನ್ಯಾಯಾಲಯದ ಮೆಟ್ಟಿಲು ಹತ್ತುವುದೇಕೆ? ಒಂದು ಕಾಲದಲ್ಲಿ ನಗರದ ನೋಂದಣಿಗಾಗಿ, ಅಂದರೆ ನಗರದ ಕಾಯಂ ನಿವಾಸಿ ಎಂಬ ಸರ್ಕಾರಿ ದಾಖಲೆಗಾಗಿ, ಹಂಬಲಿಸುತ್ತಿದ್ದ ರೈತರು, ಈಗ ಅನೇಕ ನಗರಗಳು ಬಾಗಿಲು ತೆರೆದಿರುವಾಗ ಒಳಗೆ ಬರಲು ಹಿಂಜರಿಯುವುದೇಕೆ? ಈ ಮೂರೂ ಸುದ್ದಿಗಳ ಬೇರು ಒಂದೇ. ಚೀನಾದ ಬಹುತೇಕ ಹಳ್ಳಿಗರ ಪಾಲಿಗೆ ಜಮೀನು ಇಂದು ಮುಖ್ಯ ಆದಾಯದ ಮೂಲವಾಗಿ ಉಳಿದಿಲ್ಲ. ಸರ್ಕಾರ ಕೊಡದ ವೃದ್ಧಾಪ್ಯ ಭದ್ರತೆಯ ಜಾಗದಲ್ಲಿ ಅದು ನಿಂತಿದೆ. ಆ ಜಮೀನಿನ ಹಕ್ಕು ಹಣದಿಂದ ಸಿಗುವಂಥದ್ದಲ್ಲ, ಊರಿನ ಸದಸ್ಯನಾಗಿದ್ದರೆ ಮಾತ್ರ ಸಿಗುವಂಥದ್ದು.

ನೆಲ ಊರಿನದು, ಉಳುಮೆ ಮನೆಯದು

ಚೀನಾದಲ್ಲಿ ನಗರದ ನೆಲ ಸರ್ಕಾರದ್ದು, ಹಳ್ಳಿಯ ನೆಲ ಊರಿನ ಸಮೂಹದ್ದು. ರೈತನಿಗೆ ಇರುವುದು ಉಳುವ ಹಕ್ಕು. ಜಮೀನನ್ನು ಅವನು ಗೇಣಿಗೆ ಕೊಡಬಹುದು, ಮಾರಲು ಬಾರದು. ಮನೆ ಕಟ್ಟಿಕೊಳ್ಳಲು ಊರು ಕೊಡುವ ನಿವೇಶನಕ್ಕೂ ಇದೇ ನಿಯಮ. ಒಂದು ಕುಟುಂಬಕ್ಕೆ ಒಂದೇ ನಿವೇಶನ, ಅದೂ ಆ ಊರಿನ ಸದಸ್ಯರಿಗೆ ಮಾತ್ರ. ನಗರದವರು ಅದನ್ನು ಕೊಳ್ಳುವಂತಿಲ್ಲ.

ಈ ವ್ಯವಸ್ಥೆ ರೂಪುಗೊಂಡದ್ದು ಎರಡು ಹಂತಗಳಲ್ಲಿ. 1958ರಲ್ಲಿ ಜನತಾ ಕಮ್ಯೂನ್‌ಗಳು ಬಂದು ಜಮೀನು, ದನಕರು, ನೇಗಿಲು ಎಲ್ಲವೂ ಸಮೂಹದ ವಶವಾದವು. ಅದೇ ವರ್ಷ ‘ಹುಕೋ’ ಎಂಬ ಮನೆ ನೋಂದಣಿಯ ನಿಯಮಗಳು ಜಾರಿಯಾದವು. ಹಳ್ಳಿಯಲ್ಲಿ ನೋಂದಣಿಯಾದವರು ಅನುಮತಿಯಿಲ್ಲದೆ ನಗರಕ್ಕೆ ಹೋಗಿ ನೆಲೆಸುವಂತಿರಲಿಲ್ಲ. ನಗರದ ಪಡಿತರ, ಕೆಲಸ, ಶಾಲೆ, ಆಸ್ಪತ್ರೆ ಎಲ್ಲವೂ ನಗರದ ನೋಂದಣಿಗೆ ಅಂಟಿಕೊಂಡಿದ್ದವು. ನಂತರದ ಮೂರು ವರ್ಷಗಳ ಭೀಕರ ಕ್ಷಾಮದಲ್ಲಿ ಸತ್ತವರಲ್ಲಿ ಹೆಚ್ಚಿನವರು ಧಾನ್ಯ ಬೆಳೆಯುವ ಹಳ್ಳಿಗರೇ ಆಗಿದ್ದರು ಎಂಬುದು ಈ ಗೋಡೆ ಎಷ್ಟು ಎತ್ತರವಾಗಿತ್ತೆಂದು ತಿಳಿಸುತ್ತದೆ.

ಎರಡನೆಯ ಹಂತ 1978ರ ಕೊನೆಯಲ್ಲಿ ಶುರುವಾಯಿತು. ಅನ್‌ಹುಯ್ ಪ್ರಾಂತ್ಯದ ಫೆಂಗ್‌ಯಾಂಗ್ ಜಿಲ್ಲೆಯ ಷಿಯಾವ್‌ಗಾಂಗ್ ಎಂಬ ಹಳ್ಳಿಯ 18 ರೈತರು ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡರು. ಸರ್ಕಾರ ಮೊದಲು ಕಂಡೂ ಕಾಣದಂತಿದ್ದು, ಬಳಿಕ ಅದನ್ನೇ ದೇಶದ ನೀತಿಯಾಗಿ ಒಪ್ಪಿಕೊಂಡಿತು. ಒಡೆತನ ಊರಿನದ್ದಾಗಿಯೇ ಉಳಿಯಿತು, ಸಾಗುವಳಿ ಮಾತ್ರ ಕುಟುಂಬಕ್ಕೆ ಬಂತು. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ಧಾನ್ಯದ ಇಳುವರಿ 1984ರ ಹೊತ್ತಿಗೆ 40 ಕೋಟಿ ಟನ್ ದಾಟಿತು.

ಹಂಚಿಕೆ ನಡೆದದ್ದು ತಲೆ ಎಣಿಸಿ. ಫಲವತ್ತಾದ ಜಮೀನಿನಲ್ಲೂ, ಬರಡಿನಲ್ಲೂ ಎಲ್ಲರಿಗೂ ಪಾಲು ಬೇಕಾದ್ದರಿಂದ ಒಂದೊಂದು ಮನೆಗೂ ನಾಲ್ಕಾರು ಕಡೆ ತುಂಡು ಜಮೀನು ಬಂತು. 2016ರ ಕೃಷಿ ಗಣತಿಯ ಕಾಲದಲ್ಲಿ ಒಂದು ಕುಟುಂಬದ ಸರಾಸರಿ ಹಿಡುವಳಿ 7.8 ಮು. ಒಂದು ಮು ಎಂದರೆ ನಮ್ಮ ಆರೂವರೆ ಗುಂಟೆ. ಅಂದರೆ ಸರಾಸರಿ ಹಿಡುವಳಿ ಒಂದೂಕಾಲು ಎಕರೆಯ ಆಸುಪಾಸು. ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಮನೆ ಕಟ್ಟಲು, ಮಕ್ಕಳನ್ನು ಓದಿಸಲು ಸಾಲದು.

ಊರು ಬಿಟ್ಟರೂ ನೋಂದಣಿ ಬಿಡದವರು

ಕೊರತೆ ಬಿದ್ದ ಹಣವನ್ನು ಜನ ನಗರದಲ್ಲಿ ದುಡಿದು ತಂದರು. 2024ರಲ್ಲಿ ಚೀನಾದ ಗ್ರಾಮೀಣ ಮೂಲದ ಕಾರ್ಮಿಕರ ಸಂಖ್ಯೆ ಸುಮಾರು 30 ಕೋಟಿ. ಅವರ ಸರಾಸರಿ ವಯಸ್ಸು 43 ದಾಟಿದೆ. 2023ರಲ್ಲಿ ಗ್ರಾಮೀಣ ನಿವಾಸಿಯ ತಲಾ ಆದಾಯ 21,691 ಯುವಾನ್ ಇದ್ದು, ಅದರಲ್ಲಿ ಕೂಲಿ ಮತ್ತು ಸಂಬಳದ ಪಾಲು ಶೇ 42. ಕೃಷಿಯೂ ಸೇರಿದಂತೆ ಸ್ವಂತ ದುಡಿಮೆಯ ಪಾಲು ಮೂರನೇ ಒಂದರಷ್ಟು. ಗೇಣಿ, ಬಡ್ಡಿ ಮೊದಲಾಗಿ ಆಸ್ತಿಯಿಂದ ಬಂದದ್ದು ವರ್ಷಕ್ಕೆ ಬರೀ 540 ಯುವಾನ್. ಜಮೀನಿನ ಹಕ್ಕಿದ್ದೂ ಅದರಿಂದ ಹಣ ಹುಟ್ಟುವುದಿಲ್ಲ ಎಂಬುದಕ್ಕೆ ಈ ಕೊನೆಯ ಅಂಕಿಗಿಂತ ಬೇರೆ ಸಾಕ್ಷಿ ಬೇಡ.

ವಾಸದ ಲೆಕ್ಕದಲ್ಲಿ 2023ರಲ್ಲಿ ಚೀನಾದ ಶೇ 66ರಷ್ಟು ಜನ ನಗರವಾಸಿಗಳು. ನೋಂದಣಿಯ ಲೆಕ್ಕದಲ್ಲಿ ಆ ಪ್ರಮಾಣ ಶೇ 48ರ ಆಸುಪಾಸು. ನಡುವಿನ ಅಂತರ ಸುಮಾರು 25 ಕೋಟಿ ಜನ. ಬೀಜಿಂಗ್, ಶಾಂಘೈನಂಥ ಮಹಾನಗರಗಳಲ್ಲಿ ಈ ಅಂತರಕ್ಕೆ ನಗರಾಡಳಿತವೇ ಕಾರಣ; ಅಲ್ಲಿ ನೋಂದಣಿ ಸಿಗುವುದು ಇಂದಿಗೂ ಬಲು ಕಷ್ಟ. ಆದರೆ ನಗರ ಪ್ರದೇಶದ ಜನಸಂಖ್ಯೆ 30 ಲಕ್ಷಕ್ಕಿಂತ ಕಡಿಮೆ ಇರುವ ನಗರಗಳಲ್ಲಿ ನಿರ್ಬಂಧಗಳನ್ನು ತೆಗೆಯುವಂತೆ ಕೇಂದ್ರ ಸರ್ಕಾರ 2019ರಲ್ಲೇ ಸೂಚಿಸಿತ್ತು. ಅಲ್ಲಿಯೂ ಜನ ಮುಗಿಬಿದ್ದು ಬರಲಿಲ್ಲ.

ಕಾರಣ ತಿಳಿಯಲು ಹಿಂದಿನ ಕಾನೂನನ್ನು ನೋಡಬೇಕು. 2002ರ ಗ್ರಾಮೀಣ ಭೂಗುತ್ತಿಗೆ ಕಾನೂನಿನ ಪ್ರಕಾರ, ಇಡೀ ಕುಟುಂಬ ದೊಡ್ಡ ನಗರಕ್ಕೆ ಹೋಗಿ ನೋಂದಣಿ ಬದಲಿಸಿಕೊಂಡರೆ ಊರಿನ ಜಮೀನನ್ನು ಹಿಂದಿರುಗಿಸಬೇಕಿತ್ತು. 2018ರ ತಿದ್ದುಪಡಿ ಈ ಷರತ್ತನ್ನು ತೆಗೆದುಹಾಕಿತು. ಆದರೂ ರೈತರ ಲೆಕ್ಕಾಚಾರ ಬದಲಾಗಲಿಲ್ಲ, ಏಕೆಂದರೆ ಈ ದಾರಿ ಒಂದೇ ದಿಕ್ಕಿನದು. ಹಳ್ಳಿಯ ನೋಂದಣಿಯನ್ನು ಒಮ್ಮೆ ಬಿಟ್ಟರೆ ಮರಳಿ ಪಡೆಯುವುದು ಹೆಚ್ಚುಕಡಿಮೆ ಅಸಾಧ್ಯ. ನಗರಕ್ಕೆ ನೋಂದಾಯಿಸಿಕೊಂಡ ಮಗ ತಂದೆಯ ಹಳ್ಳಿಮನೆಯನ್ನು ಉತ್ತರಾಧಿಕಾರವಾಗಿ ಪಡೆಯಬಹುದು. ಆದರೆ ಅದು ಕುಸಿದುಬಿದ್ದರೆ ಹೊಸದಾಗಿ ಕಟ್ಟುವ ಹಕ್ಕು ಅವನಿಗಿಲ್ಲ, ನಿವೇಶನ ಊರಿಗೆ ಮರಳುತ್ತದೆ. ಸಣ್ಣ ನಗರದ ನೋಂದಣಿಯಿಂದ ಸಿಗುವುದು ಅಲ್ಪ, ಹಳ್ಳಿಯ ನೋಂದಣಿ ಬಿಟ್ಟರೆ ಹೋಗುವುದು ಶಾಶ್ವತ. ಹೀಗಿರುವಾಗ ಎರಡನ್ನೂ ತೂಗಿ ನೋಡುವ ಕುಟುಂಬ ಸುಮ್ಮನಿರುವುದು ಮೂಢತನವಲ್ಲ, ವ್ಯವಹಾರಜ್ಞಾನ.

143 ಯುವಾನ್‌ನ ಹಿಂದಿನ ಲೆಕ್ಕ

ಆದರೆ ಆದಾಯವನ್ನೇ ತರದ ಒಂದೂಕಾಲು ಎಕರೆಗೆ ಇಷ್ಟು ಬೆಲೆ ಏಕೆ? ಉತ್ತರ ಪಿಂಚಣಿಯ ಪಟ್ಟಿಯಲ್ಲಿದೆ.

ಚೀನಾದ ಹಳ್ಳಿಗರಿಗೆ ಸರ್ಕಾರಿ ಪಿಂಚಣಿ ಬಂದದ್ದೇ 2009ರಲ್ಲಿ. ಆಗ ಅದರ ಮೂಲ ಮೊತ್ತ ತಿಂಗಳಿಗೆ 55 ಯುವಾನ್. 2014ರಲ್ಲಿ 70, 2018ರಲ್ಲಿ 88, 2024ರಲ್ಲಿ 123, 2025ರಲ್ಲಿ 143. ನಮ್ಮ ಹಣದಲ್ಲಿ ಸುಮಾರು 1,700 ರೂಪಾಯಿ. ಸ್ಥಳೀಯ ಸರ್ಕಾರ ಸೇರಿಸುವ ಮೊತ್ತ ಮತ್ತು ವೃದ್ಧರು ತಾವೇ ಕಟ್ಟಿದ ಕಂತು ಕೂಡಿದರೂ ದೇಶದ ಸರಾಸರಿ 200 ರಿಂದ 250 ಯುವಾನ್ ನಡುವೆ ನಿಲ್ಲುತ್ತದೆ. ಶಾಂಘೈಯಂಥ ಶ್ರೀಮಂತ ಆಡಳಿತ ತನ್ನ ಗಡಿಯೊಳಗಿನ ಹಳ್ಳಿಗರಿಗೆ ಸಾವಿರ ಯುವಾನ್‌ಗೂ ಹೆಚ್ಚು ಕೊಡುತ್ತದೆ, ಆದರೆ ಅದು ಅಪವಾದ. ಇತ್ತ ನಗರದ ಉದ್ಯಮಗಳಿಂದ ನಿವೃತ್ತರಾದವರಿಗೆ ತಿಂಗಳಿಗೆ ಸರಾಸರಿ ಮೂರು ಸಾವಿರ ಯುವಾನ್‌ಗೂ ಹೆಚ್ಚು ಬರುತ್ತದೆ.

ನಗರದವರು ದುಡಿಯುವಾಗ ಕಂತು ಕಟ್ಟಿದ್ದಾರೆ, ಹಳ್ಳಿಗರು ಕಟ್ಟಿಲ್ಲ ಎಂಬುದು ಈ ಅಂತರಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆ. ಹಳ್ಳಿಗರ ಪರವಾಗಿ ಮಾತಾಡುವವರ ಪ್ರತಿವಾದವೂ ಅಷ್ಟೇ ಗಟ್ಟಿಯಾಗಿದೆ. ಇಂದು ಎಪ್ಪತ್ತು, ಎಂಬತ್ತು ದಾಟಿರುವವರು ಕಮ್ಯೂನ್ ಕಾಲದಲ್ಲಿ ಕಡಿಮೆ ಬೆಲೆಗೆ ಸರ್ಕಾರಕ್ಕೆ ಧಾನ್ಯ ಒಪ್ಪಿಸಿದವರು. ಆ ಅಗ್ಗದ ಧಾನ್ಯದ ಮೇಲೆ ನಗರದ ಕಾರ್ಖಾನೆಗಳು ನಿಂತವು. 2006ರಲ್ಲಿ ರದ್ದಾಗುವವರೆಗೂ ಅವರು ಕೃಷಿ ತೆರಿಗೆ ಕಟ್ಟುತ್ತಲೇ ಬಂದರು. ಆ ಧಾನ್ಯವನ್ನೇ ಅವರು ಕಟ್ಟಿದ ಕಂತೆಂದು ಏಕೆ ಎಣಿಸಬಾರದು ಎಂಬ ಪ್ರಶ್ನೆ ಚೀನಾದ ಜಾಲತಾಣಗಳಲ್ಲಿ ವರ್ಷವರ್ಷವೂ ಏಳುತ್ತದೆ. ನ್ಯಾಯದ ದೃಷ್ಟಿಯಿಂದ ಈ ವಾದಕ್ಕೆ ಸರಿಯಾದ ಉತ್ತರ ಬಂದಂತೆ ತೋರುವುದಿಲ್ಲ.

ಹಣಕಾಸಿನ ದೃಷ್ಟಿಯಿಂದ ಉತ್ತರವಿದೆ. ಈ ಯೋಜನೆಯಲ್ಲಿ ಪಿಂಚಣಿ ಪಡೆಯುವವರು ಸುಮಾರು 18 ಕೋಟಿ, ಹೆಚ್ಚಿನವರು ಹಳ್ಳಿಯವರೇ. ತಲಾ 100 ಯುವಾನ್ ಏರಿಸಿದರೆ ವರ್ಷಕ್ಕೆ 21,600 ಕೋಟಿ ಯುವಾನ್ ಹೆಚ್ಚುವರಿ ಬೇಕು. ಸ್ಥಳೀಯ ಸರ್ಕಾರಗಳ ದೊಡ್ಡ ಆದಾಯ ಮೂಲವಾಗಿದ್ದ ನೆಲದ ಹರಾಜು 2021ರಲ್ಲಿ 8.7 ಲಕ್ಷ ಕೋಟಿ ಯುವಾನ್ ತಂದಿತ್ತು. ವಸತಿ ಮಾರುಕಟ್ಟೆ ಕುಸಿದ ಮೇಲೆ 2024ರಲ್ಲಿ ಅದು 4.9 ಲಕ್ಷ ಕೋಟಿಗೆ ಇಳಿಯಿತು. ಕೇಂದ್ರವೇ ಹೊರಲು ಒಪ್ಪಿದರೆ ಈ ಖರ್ಚು ಅಸಾಧ್ಯವೇನಲ್ಲ. ಆದರೆ ಆದ್ಯತೆ ಬೇರೆಡೆ ಇದೆ. ಹಾಗಾಗಿ ಏರಿಕೆ ಇಪ್ಪತ್ತು ಇಪ್ಪತ್ತು ಯುವಾನ್‌ನಂತೆ ಸಾಗಿದೆ.

2020ರ ಜನಗಣತಿಯಲ್ಲಿ ಹಳ್ಳಿಯ ಜನರಲ್ಲಿ ಶೇ 23.8ರಷ್ಟು ಮಂದಿ 60 ದಾಟಿದವರು, ನಗರದಲ್ಲಿ ಶೇ 15.8. ಕಟ್ಟಡದ ಕೆಲಸಕ್ಕೆ ವಯಸ್ಸು ಮೀರಿದ ಕಾರ್ಮಿಕ ಊರಿಗೆ ಮರಳಿ ಜೋಳ, ತರಕಾರಿ ಬೆಳೆದು, ಬಾಡಿಗೆಯಿಲ್ಲದ ಮನೆಯಲ್ಲಿ ಇದ್ದು, ಈ ಅಲ್ಪ ಪಿಂಚಣಿ ಸೇರಿಸಿ ಬದುಕುತ್ತಾನೆ. ಜಮೀನನ್ನು ಕಿತ್ತುಕೊಂಡರೆ ಆ ಪಿಂಚಣಿಯಿಂದ ಅವನು ಒಂದು ವಾರವೂ ನಗರದಲ್ಲಿ ಇರಲಾರ.

ಊರಿನವರು ಯಾರು?

ಹೊಸ ಕಾನೂನಿನ ಮಹತ್ವ ಇರುವುದು ಇಲ್ಲಿ. ಸದಸ್ಯತ್ವವೇ ಭದ್ರತೆಯಾದರೆ ಸದಸ್ಯರ ಪಟ್ಟಿ ಮಾಡುವವರ ಕೈಯಲ್ಲಿ ದೊಡ್ಡ ಅಧಿಕಾರವಿದೆ ಎಂದಾಯಿತು. ಇದುವರೆಗೆ ಆ ಅಧಿಕಾರ ಊರಿನ ಬಹುಮತದ್ದಾಗಿತ್ತು. ಬಹುಮತ ಅದನ್ನು ಪ್ರಯೋಗಿಸಿದ್ದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ.

ಇದು ನಡೆಯುವ ಬಗೆಯನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಸಾವಿರ ಸದಸ್ಯರ ಒಂದು ಊರಿನ ಜಮೀನು ಹೆದ್ದಾರಿಗೋ ಬಡಾವಣೆಗೋ ಹೋಗಿ 10 ಕೋಟಿ ಯುವಾನ್ ಪರಿಹಾರ ಬಂತೆನ್ನೋಣ. ತಲೆಗೆ ಒಂದು ಲಕ್ಷ. ಹೊರಗಿನವರನ್ನು ಮದುವೆಯಾಗಿಯೂ ನೋಂದಣಿಯನ್ನು ತವರಿನಲ್ಲೇ ಉಳಿಸಿಕೊಂಡ 50 ಹೆಣ್ಣುಮಕ್ಕಳನ್ನು ಪಟ್ಟಿಯಿಂದ ತೆಗೆದರೆ ಉಳಿದ 950 ಮಂದಿಗೆ ತಲಾ ಐದು ಸಾವಿರಕ್ಕೂ ಹೆಚ್ಚು ಕೂಡುತ್ತದೆ. ಗ್ರಾಮಸಭೆಯಲ್ಲಿ 950 ಮತ 50ಕ್ಕೆ ಎದುರು. ಫಲಿತಾಂಶ ಮೊದಲೇ ಗೊತ್ತು. ಸೊಸೆ ಬಂದರೆ ಪಾಲು ಸಿಗುತ್ತದೆ, ಅಳಿಯ ಬಂದರೆ ತಕರಾರು. ವಿಚ್ಛೇದನ ಪಡೆದವಳು ಎರಡೂ ಊರಿನ ಪಟ್ಟಿಯಿಂದ ಹೊರಗೆ.

ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಷಾನ್ ನಗರದ ನಾನ್‌ಹಾಯ್ ಪ್ರದೇಶದಲ್ಲಿ ಈ ಜಗಳ ಬಹಳ ಬೇಗ ಶುರುವಾಯಿತು. ಅಲ್ಲಿನ ಹಳ್ಳಿಗಳು 1990ರ ದಶಕದ ಆರಂಭದಲ್ಲೇ ಜಮೀನನ್ನು ಒಟ್ಟುಗೂಡಿಸಿ, ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟು, ಬಂದ ಹಣವನ್ನು ಷೇರಿನ ಲೆಕ್ಕದಲ್ಲಿ ಹಂಚತೊಡಗಿದವು. ಷೇರು ಬಂದ ಕೂಡಲೇ ‘ಹೊರಗೆ ಮದುವೆಯಾದ ಹೆಣ್ಣುಮಕ್ಕಳು’ ಎಂಬುದೊಂದು ಆಡಳಿತಾತ್ಮಕ ಸಮಸ್ಯೆಯ ಹೆಸರೇ ಆಗಿಬಿಟ್ಟಿತು. ಊರಿನ ಕಟ್ಟಳೆ ಕಾನೂನಿಗೆ ವಿರುದ್ಧವಾಗಿರಬಾರದು ಎಂಬ ಮಾತು ಗ್ರಾಮ ಸ್ವಾಡಳಿತದ ಕಾನೂನಿನಲ್ಲಿ ಇದ್ದರೂ, ಸದಸ್ಯತ್ವದ ವ್ಯಾಜ್ಯ ಸ್ವಾಡಳಿತಕ್ಕೆ ಸೇರಿದ್ದೆಂದು ಅನೇಕ ನ್ಯಾಯಾಲಯಗಳು ದೂರು ಸ್ವೀಕರಿಸಲೇ ಹಿಂಜರಿಯುತ್ತಿದ್ದವು.

ಹೊಸ ಕಾನೂನು ಸದಸ್ಯತ್ವಕ್ಕೆ ಮೂರು ಅಂಶಗಳನ್ನು ಹೇಳುತ್ತದೆ: ಆ ಊರಿನಲ್ಲಿ ಈಗ ಅಥವಾ ಹಿಂದೆ ನೋಂದಣಿ, ಊರಿನೊಂದಿಗೆ ಸ್ಥಿರವಾದ ಹಕ್ಕು–ಹೊಣೆಗಳ ಸಂಬಂಧ, ಊರಿನ ನೆಲವೇ ಜೀವನದ ಮೂಲ ಭದ್ರತೆಯಾಗಿರುವುದು. ಓದು, ಸೈನ್ಯ, ವ್ಯಾಪಾರ, ವಲಸೆ ಕೂಲಿ, ವಿಚ್ಛೇದನ, ವೈಧವ್ಯ, ಸೆರೆವಾಸ ಇವುಗಳಿಂದ ಸದಸ್ಯತ್ವ ಹೋಗದು. ಮದುವೆಯಾದ ಹೆಣ್ಣಿಗೆ ಗಂಡನ ಊರಿನಲ್ಲಿ ಸದಸ್ಯತ್ವ ಸಿಗುವವರೆಗೆ ತವರೂರು ಅವಳ ಹೆಸರನ್ನು ತೆಗೆಯುವಂತಿಲ್ಲ. ಮನೆಯಲ್ಲಿ ಗಂಡಸರಿಲ್ಲ ಎಂಬ ಕಾರಣಕ್ಕೂ ಹಕ್ಕು ಕಸಿಯುವಂತಿಲ್ಲ. ವ್ಯಾಜ್ಯ ಬಂದರೆ ಸಂಧಾನ, ಪಂಚಾಯಿತಿಕೆ ಅಥವಾ ನ್ಯಾಯಾಲಯದ ದಾರಿ ತೆರೆದಿದೆ. ಆದರೆ ಸರ್ಕಾರಿ ನೌಕರಿಗೆ ಸೇರಿದವರು ಸಾಮಾನ್ಯವಾಗಿ ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಅವರಿಗೆ ಬೇರೆ ಪಿಂಚಣಿ ಇದೆ ಎಂಬುದು ಇದರ ತರ್ಕ. ನೆಲವನ್ನು ಪಿಂಚಣಿಯ ಬದಲಿ ಎಂದು ಕಾನೂನೇ ಒಪ್ಪಿಕೊಂಡಿರುವುದು ಈ ಒಂದು ಕಲಮಿನಲ್ಲಿ ಎದ್ದು ಕಾಣುತ್ತದೆ.

ಆದರೂ ಪಟ್ಟಿಯನ್ನು ಅಂಗೀಕರಿಸುವುದು ಇಂದಿಗೂ ಸದಸ್ಯರ ಸಭೆಯೇ. ತನ್ನ ಸ್ವಂತ ಊರಿನವರ ಮೇಲೆ ಮೊಕದ್ದಮೆ ಹೂಡುವ ಭಾರ ಆ ಹೆಣ್ಣುಮಗಳ ಮೇಲೆಯೇ ಬೀಳುತ್ತದೆ. ಮಧ್ಯ ಮತ್ತು ಪಶ್ಚಿಮ ಪ್ರಾಂತ್ಯಗಳ ಬಹುಪಾಲು ಊರುಗಳ ಸಾಮೂಹಿಕ ಖಾತೆಯಲ್ಲಿ ಹಂಚಲು ಹಣವೇ ಇಲ್ಲದಿರುವುದರಿಂದ, ಈ ಕಾನೂನಿನ ಕಾವು ಕಾಣಿಸುವುದು ಕರಾವಳಿಯ ಪ್ರಾಂತ್ಯಗಳಲ್ಲಿ ಮತ್ತು ನಗರದಂಚಿನ ಹಳ್ಳಿಗಳಲ್ಲಿ.

ಮಾರಲು ಬಿಡಬೇಕೆ, ಬೇಡವೆ?

ಈ ವಿಷಯದಲ್ಲಿ ಚೀನಾದ ವಿದ್ವಾಂಸರು ಎರಡು ದಶಕಗಳಿಂದ ಎರಡು ಪಾಳೆಯಗಳಲ್ಲಿ ನಿಂತಿದ್ದಾರೆ. ಪೀಕಿಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜೌ ಚಿರೆನ್ ಮೊದಲಾದವರ ವಾದ: ರೈತರ ನೆಲದ ಹಕ್ಕನ್ನು ಸ್ಪಷ್ಟವಾಗಿ ನಮೂದಿಸಿ, ಅದನ್ನು ವರ್ಗಾಯಿಸುವ ಸ್ವಾತಂತ್ರ್ಯ ಕೊಡಬೇಕು. ಅಧಿಕಾರಿಗಳು ಹಳ್ಳಿಯ ನೆಲವನ್ನು ಕಡಿಮೆ ಪರಿಹಾರಕ್ಕೆ ಪಡೆದು ಹತ್ತಾರು ಪಟ್ಟು ಬೆಲೆಗೆ ಹರಾಜು ಹಾಕಿದ್ದು ರೈತನಿಗೆ ಪೂರ್ಣ ಹಕ್ಕು ಇಲ್ಲದ್ದರಿಂದಲೇ. ಮಾರುವ ಹಕ್ಕಿದ್ದರೆ ಅವನು ಆ ಹಣದಲ್ಲಿ ನಗರದಲ್ಲಿ ಗೌರವದಿಂದ ನೆಲೆಸಬಹುದು.

ವುಹಾನ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ಹ ಶುಯೆಫೆಂಗ್ ಅವರಂಥವರು ಇದನ್ನು ಒಪ್ಪುವುದಿಲ್ಲ. ನೆಲಕ್ಕೆ ಭಾರಿ ಬೆಲೆ ಬರುವುದು ನಗರದಂಚಿನ ಕೆಲವೇ ಊರುಗಳಲ್ಲಿ; ಉಳಿದ ಕಡೆ ಮಾರುವ ಹಕ್ಕು ಎಂದರೆ ಕಾಯಿಲೆಯೋ ಸಾಲವೋ ಬಂದಾಗ ಅಗ್ಗಕ್ಕೆ ಕಳೆದುಕೊಳ್ಳುವ ಹಕ್ಕು. 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿನಲ್ಲಿ ಸುಮಾರು 2 ಕೋಟಿ ವಲಸೆ ಕಾರ್ಮಿಕರು ಕೆಲಸ ಕಳೆದುಕೊಂಡು ಊರಿಗೆ ಮರಳಿದರು. ದೇಶದಲ್ಲಿ ದೊಡ್ಡ ಗಲಭೆ ಆಗಲಿಲ್ಲ, ಏಕೆಂದರೆ ಮರಳಲು ಊರಿತ್ತು ಎಂಬುದು ಈ ಪಾಳೆಯ ಮತ್ತೆ ಮತ್ತೆ ಕೊಡುವ ಪುರಾವೆ. ಇವರ ವಾದದಲ್ಲಿ ಭಾರತದ ಹೆಸರೂ ಆಗಾಗ ಬರುತ್ತದೆ, ನಾವು ಹೆಮ್ಮೆಪಡುವ ಕಾರಣಕ್ಕಲ್ಲ: ಭೂಹೀನರು ನಗರದ ಕೊಳೆಗೇರಿ ಸೇರುವುದಕ್ಕೆ ಉದಾಹರಣೆಯಾಗಿ.

ಸರ್ಕಾರ ನಡುವಿನ ದಾರಿ ಹಿಡಿದಿದೆ. 2014ರ ಸುಮಾರಿಗೆ ಒಡೆತನ, ಗುತ್ತಿಗೆ, ಸಾಗುವಳಿ ಎಂದು ಹಕ್ಕನ್ನು ಮೂರಾಗಿ ಸೀಳಿತು. ಒಡೆತನ ಊರಿನದು, ಗುತ್ತಿಗೆ ಕುಟುಂಬದ್ದು, ಸಾಗುವಳಿಯನ್ನು ಯಾರಿಗಾದರೂ ಗೇಣಿಗೆ ಕೊಡಬಹುದು. ಇಂದು ಗುತ್ತಿಗೆ ಜಮೀನಿನ ಮೂರನೇ ಒಂದಕ್ಕೂ ಹೆಚ್ಚು ಭಾಗ ಹೀಗೆ ಬೇರೆಯವರ ಕೈಯಲ್ಲಿದೆ. ಕಟಾವು ಯಂತ್ರಗಳ ತಂಡಗಳು ಗೋಧಿ ಮಾಗಿದಂತೆ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತ ಕೂಲಿಗೆ ಕೊಯ್ದುಕೊಡುತ್ತವೆ. ಔಷಧಿ ಸಿಂಪಡಣೆಗೆ ಡ್ರೋನ್ ಬಾಡಿಗೆಗೆ ಸಿಗುತ್ತದೆ. ಯುವಕರಿಲ್ಲದ ಹಳ್ಳಿಯಲ್ಲಿ ಉಳುವವರು ಯಾರು ಎಂಬ ಆತಂಕ ಅರ್ಧದಷ್ಟಾದರೂ ಕಡಿಮೆಯಾಗಿರುವುದು ಈ ಬಾಡಿಗೆ ಯಂತ್ರಗಳಿಂದ.

ನೆಲವನ್ನು ಮಾರಲು ಬಿಡಬಾರದೆಂಬ ವಾದಕ್ಕೆ ಬಲವಿದೆ ಎಂಬುದನ್ನು ಒಪ್ಪಲೇಬೇಕು, ಆದರೆ ಅದರಲ್ಲಿ ಒಂದು ಅನುಕೂಲಸಿಂಧು ಮೌನವೂ ಇದೆ. ನೆಲವೇ ಭದ್ರತೆ ಎನ್ನುವವರೆಗೆ ಪಿಂಚಣಿ ಏರಿಸುವ ಒತ್ತಡ ಸರ್ಕಾರದ ಮೇಲೆ ಬೀಳುವುದಿಲ್ಲ. ಪಿಂಚಣಿ ಏರದಿರುವವರೆಗೆ ರೈತ ನೆಲವನ್ನು ಬಿಡಲಾರ.

2027ರ ನಂತರ

1990ರ ದಶಕದಲ್ಲಿ 30 ವರ್ಷಕ್ಕೆಂದು ಕೊಟ್ಟ ಎರಡನೆಯ ಸುತ್ತಿನ ಗುತ್ತಿಗೆಗಳು ಬಹುತೇಕ ಕಡೆ 2027–28ರ ಹೊತ್ತಿಗೆ ಮುಗಿಯುತ್ತವೆ. ಇನ್ನೂ 30 ವರ್ಷ ವಿಸ್ತರಣೆಯನ್ನು ಷಿ ಜಿನ್‌ಪಿಂಗ್ 2017ರ ಪಕ್ಷದ ಮಹಾಧಿವೇಶನದಲ್ಲಿ ಘೋಷಿಸಿದ್ದರು. ಹೊಸದಾಗಿ ಹಂಚದೆ ಈಗಿರುವ ಹಂಚಿಕೆಯನ್ನೇ ಮುಂದುವರಿಸುವುದು ಸರ್ಕಾರದ ನಿಲುವು. ‘ಜನ ಹೆಚ್ಚಿದರೂ ನೆಲ ಹೆಚ್ಚದು, ಜನ ಕಡಿಮೆಯಾದರೂ ನೆಲ ಕಡಿಮೆಯಾಗದು’ ಎಂಬ ಈ ತತ್ವದ ಪ್ರಯೋಗ 1987ರಲ್ಲಿ ಗುಯ್‌ಜೌ ಪ್ರಾಂತ್ಯದ ಮೆಯ್‌ಟಾನ್ ಜಿಲ್ಲೆಯಲ್ಲಿ ಆರಂಭವಾಗಿತ್ತು. ಪದೇ ಪದೇ ಮರುಹಂಚಿಕೆ ನಡೆದರೆ ಯಾರೂ ಜಮೀನಿನ ಮೇಲೆ ಬಂಡವಾಳ ಹಾಕುವುದಿಲ್ಲ, ಹಂಚುವ ಅಧಿಕಾರವುಳ್ಳ ಊರಿನ ಮುಖಂಡರು ಅದನ್ನು ದುರುಪಯೋಗ ಮಾಡುತ್ತಾರೆ ಎಂಬುದು ಅದರ ಹಿಂದಿನ ಕಾರಣ.

ಇದರ ಪರಿಣಾಮವಾಗಿ 1990ರ ದಶಕದ ಕೊನೆಯ ಹಂಚಿಕೆ 2050ರ ದಶಕದ ಕೊನೆಯವರೆಗೂ ಹೆಪ್ಪುಗಟ್ಟಿ ಉಳಿಯಲಿದೆ. ಆಗ ಐದು ಜನರಿದ್ದ ಮನೆಯಲ್ಲಿ ಈಗ ಇಬ್ಬರು ವೃದ್ಧರಿದ್ದರೂ ಐವರ ಪಾಲು ಅವರದೇ. ಆ ಬಳಿಕ ಮೂವರು ಮಕ್ಕಳು ಹುಟ್ಟಿದ ಪಕ್ಕದ ಮನೆಗೆ ಒಂದು ಗುಂಟೆಯೂ ಕೂಡುವುದಿಲ್ಲ. ಸತ್ತವರಿಗೆ ನೆಲವಿದೆ, ಹುಟ್ಟಿದವರಿಗಿಲ್ಲ ಎಂಬ ಮಾತು ಚೀನಾದ ಹಳ್ಳಿಗಳಲ್ಲಿ ಆಗಲೇ ಚಾಲ್ತಿಯಲ್ಲಿದೆ. ಸದಸ್ಯರೆಲ್ಲ ಸಮಾನರೆಂದು ಹೇಳುವ ಹೊಸ ಕಾನೂನು, ಹಂಚಿಕೆಯನ್ನು ಮುಟ್ಟಬಾರದೆಂದು ಹೇಳುವ ವಿಸ್ತರಣೆ ಇವೆರಡೂ ಒಂದೇ ಊರಿನಲ್ಲಿ ಎದುರುಬದುರಾಗುವುದು ಖಚಿತ. 1998ರ ನಂತರ ಹುಟ್ಟಿದ, ಪಟ್ಟಿಯಲ್ಲಿ ಹೆಸರಿದ್ದೂ ಜಮೀನಿಲ್ಲದ ಸದಸ್ಯರು ಇದರ ಮೊದಲ ಫಿರ್ಯಾದಿಗಳಾಗಬಹುದು.

ಖಾಲಿ ಮನೆಗಳ ವಿಷಯದಲ್ಲಿ ಅಧಿಕಾರಿಗಳ ಕೈ ಮತ್ತೆ ಮುಂದಾಗುವ ಸಾಧ್ಯತೆಯೂ ಇದೆ. 2020ರಲ್ಲಿ ಷಾಂಡಾಂಗ್ ಪ್ರಾಂತ್ಯ ಹಳ್ಳಿಗಳನ್ನು ಕೆಡವಿ ಜನರನ್ನು ಅಪಾರ್ಟ್‌ಮೆಂಟ್‌ಗಳಿಗೆ ಸೇರಿಸಲು ಹೊರಟು, ದೇಶವ್ಯಾಪಿ ಟೀಕೆಯ ನಂತರ ಹಿಂದೆ ಸರಿಯಿತು. ಕೆಡವಿದ ನಿವೇಶನವನ್ನು ಮತ್ತೆ ಹೊಲವಾಗಿಸಿದರೆ ಅಷ್ಟೇ ವಿಸ್ತೀರ್ಣದಲ್ಲಿ ನಗರದಂಚಿನಲ್ಲಿ ಕಟ್ಟಡ ಕಟ್ಟಲು ಅನುಮತಿ ಸಿಗುವುದು ಆ ಆತುರಕ್ಕೆ ಕಾರಣವಾಗಿತ್ತು. ವಸತಿ ಮಾರುಕಟ್ಟೆ ಮಲಗಿರುವಷ್ಟು ಕಾಲ ಅಂಥ ಅನುಮತಿಗೆ ಬೇಡಿಕೆ ಕಡಿಮೆ; ಚೇತರಿಸಿಕೊಂಡರೆ ಮಾತು ಬೇರೆ.

2026ರಿಂದ 2030ರವರೆಗಿನ ಪಂಚವಾರ್ಷಿಕ ಯೋಜನೆಗೆ ಪಕ್ಷ ಮಾಡಿದ ಶಿಫಾರಸಿನಲ್ಲಿ ಈ ಪಿಂಚಣಿಯನ್ನು ಹಂತಹಂತವಾಗಿ ಏರಿಸುವ ಮಾತಿದೆ. ಆ ಹಂತ ವರ್ಷಕ್ಕೆ ಇಪ್ಪತ್ತೇ ಯುವಾನ್ ಆಗಿ ಉಳಿದರೆ 2030ರಲ್ಲೂ ಕನಿಷ್ಠ ಮೊತ್ತ 243ನ್ನು ದಾಟದು, ಮತ್ತು ಸಣ್ಣ ನಗರಗಳ ನೋಂದಣಿ ಕಚೇರಿಗಳ ಮುಂದೆ ಸಾಲು ಬೆಳೆಯಲು ಹೊಸ ಕಾರಣವೇನೂ ಹುಟ್ಟದು.